ಎಣ್ಣೆಯ ಸದ್ದು

"ಮುಚ್ಚಳ ಮುಟ್ಟಿದ್ರೆ ಕೈ ಮುರೀತೀನಿ," ಎಂದಳು ಅತ್ತೆ ಅಸ್ಸುಂತಾ. ಒಲೆಯ ಮೇಲಿನ ಪಾತ್ರೆಯೊಳಗೆ ಪುದೀನ, ಬೆಳ್ಳುಳ್ಳಿ ತುಂಬಿದ ಕಾರ್ಚೋಫಿ, ಅಂದರೆ ಆರ್ಟಿಚೋಕ್ ತರಕಾರಿಯ ಮೊಗ್ಗುಗಳು, ನೀರು ಬೆರೆತ ಎಣ್ಣೆಯಲ್ಲಿ ತೊಟ್ಟು ಮೇಲಾಗಿ ನಿಂತು ಬೇಯುತ್ತಿದ್ದವು. ನೀರಿನ ಕೊತಕೊತ ಅಡಗಿ ಎಣ್ಣೆಯ ಚಟಪಟ ಶುರುವಾದೊಡನೆ ಇಳಿಸಬೇಕು. ಆ ಸದ್ದು ಹಿಡಿಯುವುದರಲ್ಲಿ ರೋಮಿನ ಆ ಬೀದಿಗೆಲ್ಲ ಅಸ್ಸುಂತಾಳೇ ಸೈ.

ಚಟಪಟ ಸೊಸೆ ಲವೀನಿಯಾಳಿಗೆ ಕೇಳಿಸಿತು. "ಅತ್ತೆ, ಆಯ್ತು ಅನ್ಸುತ್ತೆ."

ಅತ್ತೆ ಮುಚ್ಚಳದತ್ತ ಕಿವಿಯೊಡ್ಡಿದಳು. "ಇನ್ನೂ ನೀರಿದೆ. ನಿನ್ನೆ ಮೊನ್ನೆ ಬಂದವಳು ನಂಗೆ ಹೇಳ್ಕೊಡ್ತೀಯಾ?"

ಚಟಪಟ ಜೋರಾಯಿತು. ಹೊರಗೆ ಈಸ್ಟರ್ ಊಟಕ್ಕೆ ನೆಂಟರೆಲ್ಲ ಕೂತಿದ್ದರು. ಲವೀನಿಯಾ ಎದೆ ಗಟ್ಟಿಮಾಡಿಕೊಂಡು ಪಾತ್ರೆ ಇಳಿಸಿ ಮುಚ್ಚಳ ತೆಗೆದೇಬಿಟ್ಟಳು. ಹನಿ ನೀರೂ ಇರಲಿಲ್ಲ. ಮೊಗ್ಗುಗಳ ತಳ ಹೊಂಬಣ್ಣಕ್ಕೆ ತಿರುಗಿತ್ತು, ಸೀದಿರಲಿಲ್ಲ.

ಅತ್ತೆ ಪಾತ್ರೆ ನೋಡಿದಳು, ಬಾಗಿಲತ್ತ ನೋಡಿದಳು. ಆಮೇಲೆ ಸೊಸೆಯ ಕಿವಿ ಹಿಂಡಿ ಪಿಸುಗುಟ್ಟಿದಳು: "ಯಾರಿಗೂ ಹೇಳ್ಬೇಡ. ಮುಂದಿನ್ಸಲ ಕೇಳಿಸಿದ ತಕ್ಷಣ ನನ್ನ ಕಾಲು ತುಳಿ."