ಕೆಂಪು ಮಚ್ಚೆ

ಪರದೆಯ ಮೇಲಿನ ನಕ್ಷೆಯಲ್ಲಿ ಒಂದೇ ಒಂದು ಕೆಂಪು ಮಚ್ಚೆಯಿತ್ತು.

"ನೆಲ ನಡುಗಿಸಿ, ಕೆಳಗಿಂದ ಮರಳಿ ಬಂದ ಅಲೆಗಳನ್ನ ಲೆಕ್ಕ ಹಾಕಿದೀವಿ, ಸರ್. ಬೇರೆ ಕಡೆಯೆಲ್ಲ ಶೇಲ್ ಬಂಡೆ ಮೆತ್ತಗೆ ಬಗ್ಗುತ್ತೆ. ಇಲ್ಲಿ ಮಾತ್ರ ಹಪ್ಪಳದ ಹಾಗೆ ಮುರಿದು ಗ್ಯಾಸ್ ಬಿಟ್ಟುಕೊಡುತ್ತೆ," ಎಂದಳು ಭೂವಿಜ್ಞಾನಿ.

"ಹಾಗಾದ್ರೆ ಇಲ್ಲೇ ಕೊರೆಯೋಣ," ಎಂದರು ನಿರ್ದೇಶಕರು.

ಚಪ್ಪಾಳೆ ನಿಂತ ಮೇಲೆ ಅವಳು ಸರ್ವೆ ತಂಡದ ಮುಖ್ಯಸ್ಥನ ಕಡೆ ತಿರುಗಿದಳು.

"ಇವರು ಒಂದು ಜಾಗ ಬಿಟ್ಟೇ ಬಂದಿದಾರೆ, ಸರ್. ಅಲ್ಲಿನ ಅಂಕಿಗಳನ್ನ ಕಂಪ್ಯೂಟರೇ ಊಹಿಸಿ ತುಂಬಬೇಕಾಯ್ತು. ಯಾಕ್ರೀ ಬಿಟ್ರಿ?"

ಅವನು ತಲೆ ತಗ್ಗಿಸಿದ. "ಅದು ಸ್ಮಶಾನ, ಮೇಡಂ. ಆಗ ತಾನೇ ಒಂದು ಮಗೂನ ಮಣ್ಣು ಮಾಡಿದ್ರು. ತಾಯಿ ಇನ್ನೂ ಅಲ್ಲೇ ಕೂತಿದ್ಲು. ನೆಲ ನಡುಗಿಸೋ ಲಾರೀನ ಅಲ್ಲಿಗೆ ತರೋಕೆ ನಾಚಿಕೆಯಾಯ್ತು."

"ನಾಚಿಕೆ ಇರೋರು ಮನೇಲಿರಬೇಕು!"

ಯಾರೋ ನಕ್ಕರು. ಅವನ ಕಿವಿ ಕೆಂಪಾಯಿತು.

"ಹೋಗ್ಲಿ ಬಿಡಮ್ಮಾ," ಎಂದ ನಿರ್ದೇಶಕರು ಅವನತ್ತ ನೋಡಿದರು. "ಬಿಟ್ಟ ಜಾಗ ಎಲ್ಲಿ ಬರುತ್ತೆ, ತೋರಿಸಿ."

ಅವನು ಎದ್ದು ಬಂದ. ಅವಳ ಮುಖ ನೋಡದೆ, ಕೆಂಪು ಮಚ್ಚೆಯ ನಟ್ಟನಡುವೆ ಬೆರಳಿಟ್ಟ.