ಬಿಟ್ಟು ಹೋದವಳ ಅಡುಗೆಮನೆ

ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಇನ್ನೊಬ್ಬಳು ನಿಂತಿದ್ದಳು. ಕೈಯಲ್ಲಿ ಫಾಯಿಲ್ ಮುಚ್ಚಿದ ಗಾಜಿನ ಪಾತ್ರೆ, ಕಣ್ಣಲ್ಲಿ ಆಗಲೇ ನೀರು. ವರ್ನೀಸ್‌ಗೆ ಒದ್ದೆ ಕೈ ಒರೆಸಿಕೊಳ್ಳಲೂ ಪುರುಸೊತ್ತು ಕೊಡದೆ ಆಕೆ ಶುರುಮಾಡಿದಳು.

"ಹಾಡೋ ಹೋಬರ್ಟ್ ಟಿಡ್‌ವೆಲ್ ಅವ್ರ ಮನೆ ಇದೇ ಅಲ್ವಾ ಅಕ್ಕ? ನಾನು ಡಾರ್ಲಾ ಅಂತ, ಡೆಕೇಟರ್‌ನಿಂದ ಬಂದೆ. ಪಾಪ, ಹೆಂಡ್ತಿ ಬಿಟ್ಟು ಹೋದ್ಮೇಲೆ ಊಟಕ್ಕೇನು ಮಾಡ್ಕೊಳ್ತಾರೋ ಅಂತ ಕೋಳಿ ಹಾಕಿ ಅನ್ನ ಬೇಯಿಸ್ಕೊಂಡು ಬಂದಿದೀನಿ."

ಆ ಬಿಟ್ಟು ಹೋದ ಹೆಂಡತಿ, ಅಂದರೆ ವರ್ನೀಸ್, ಪಾತ್ರೆ ಈಸಿಕೊಂಡಳು. ಇನ್ನೂ ಬಿಸಿಯಿತ್ತು. "ಕೂತ್ಕೊಳ್ಳಿ, ಕರೀತೀನಿ" ಎಂದಳು.

ಅಡುಗೆಮನೆಯಲ್ಲಿ ಅದನ್ನಿಡಲು ಜಾಗವಿರಲಿಲ್ಲ. ಅಲಬಾಮಾದ ಆ ಸೀಮೆಯಲ್ಲಿ ಸಾವಾಗಲಿ, ಕಾಯಿಲೆಯಾಗಲಿ, ಹೆಂಡತಿ ಓಡಿಹೋಗಲಿ, ಜನ ಏನಾದರೂ ಬೇಯಿಸಿ ತರುತ್ತಾರೆ. ಪಾತ್ರೆಯ ತಳಕ್ಕೆ ಹೆಸರು, ಊರು ಬರೆದ ಟೇಪು ಅಂಟಿಸಿರುತ್ತಾರೆ. ತೊಳೆದು ಹಿಂದಿರುಗಿಸಬೇಕು, ಬರಿದಾಗಿ ಹಿಂದಿರುಗಿಸುವ ಹಾಗಿಲ್ಲ. ಹೀಗಾಗಿ, ತಾನು ಬಿಟ್ಟು ಹೋದದ್ದಕ್ಕೆ ಮರುಗಿದವರಿಗೆಲ್ಲ ವರ್ನೀಸ್ ಬೆಳಗಿನಿಂದ ಪೀಚ್ ಹಣ್ಣಿನ ಪೈ ಬೇಯಿಸುತ್ತಿದ್ದಳು.

ಎಪ್ಪತ್ತು ದಾಟಿದ ಹೋಬರ್ಟ್ ಮೇಜಿನ ಮುಂದೆ ಕೂತು ಟುಪೆಲೋ ಊರಿನಿಂದ ಬಂದಿದ್ದವಳೊಬ್ಬಳು ತಂದ ಆಲೂಗಡ್ಡೆ ಮುಗಿಸುತ್ತಿದ್ದ. ಬದುಕೆಲ್ಲ ಬೇರೆಯವರಿಗೆ ಹಾಡು ಬರೆದುಕೊಟ್ಟವನು. ಅವರು ಹಾಡುತ್ತಿದ್ದಾಗ ಓಡಿಹೋದವರು ಅವರವರ ಹೆಂಡಂದಿರೇ ಎಂದು ಕೇಳಿದವರು ತಿಳಿಯುತ್ತಿದ್ದರು. ವರ್ನೀಸ್‌ಗೆ ಅದರಿಂದ ಯಾವ ತೊಂದರೆಯೂ ಇರಲಿಲ್ಲ. ಹೋದ ತಿಂಗಳು ಅವನೇ ಹಾಡಿದ ಮೊದಲ ಆಲ್ಬಂ ಬಂತು. ಹನ್ನೆರಡು ಹಾಡು. ಹನ್ನೊಂದರಲ್ಲಿ ಹೆಂಡತಿ ಬಿಟ್ಟು ಹೋಗುತ್ತಾಳೆ. ಹನ್ನೆರಡನೆಯದರಲ್ಲಿ, ಅಷ್ಟು ಸಾಲದೆಂದು, ಸಾಯುತ್ತಾಳೆ. ಆ ದನಿ ಎಂಥದೆಂದರೆ, ರೇಡಿಯೋದಲ್ಲಿ ಕೇಳಿದ ಲಾರಿ ಚಾಲಕನೊಬ್ಬ ಹೆದ್ದಾರಿ ಪಕ್ಕದಲ್ಲಿ ಗಾಡಿ ನಿಲ್ಲಿಸಿಕೊಂಡು ಗಳಗಳನೆ ಅತ್ತನಂತೆ. ಪೊಲೀಸರು ಬಂದು ಕೇಳಿದರೆ, ಹಿಂದೆ ಈರುಳ್ಳಿ ಲೋಡಿದೆ ಎಂದನಂತೆ.

"ಇನ್ನೊಬ್ಳು ಬಂದಿದಾಳೆ" ಎಂದಳು ವರ್ನೀಸ್. "ಹೋಗಿ ಹೇಳು, ನನ್ ಹೆಂಡ್ತಿ ಎಲ್ಲೂ ಹೋಗಿಲ್ಲ, ಇಲ್ಲೇ ಇದಾಳೆ ಅಂತ."

"ಏನು ತಂದಿದಾಳೆ?"

"ಹೋಬರ್ಟ್."

"ಅಲ್ಲ ಕಣೇ, ಅಷ್ಟು ದೂರದಿಂದ ಬಂದಿದಾಳೆ. ಮನಸ್ಸು ನೋಯಿಸೋದು ಹೇಗೆ?"

"ನನ್ ಮನಸ್ಸು?"

"ನಿಂದು ಗಟ್ಟಿ."

ವರ್ನೀಸ್ ಪಾತ್ರೆಯನ್ನು ಒಲೆಯ ಮೇಲೆ ಕುಕ್ಕಿದಳು. "ಮದುವೆಯಾದಾಗಿಂದ ತವರಿಗೂ ಎರಡು ರಾತ್ರಿ ಹೋದೋಳಲ್ಲ ನಾನು. ಒಂದು ಹಾಡಲ್ಲಾದ್ರೂ ನನ್ನನ್ನ ಮನೇಲಿ ಇಟ್ಕೊ ಮಾರಾಯ. ಒಂದರಲ್ಲಿ ಸಾಕು."

ಹೋಬರ್ಟ್ ಚಮಚ ಕೆಳಗಿಟ್ಟ. ಅವನ ಮುಖದಲ್ಲಿ ನಿಜವಾದ ಸಂಕಟವಿತ್ತು. "ಪ್ರಯತ್ನಪಟ್ಟೆ ವರ್ನೀಸ್. ದೇವರಾಣೆ. ಬೆಳಗಾಯ್ತು, ಇದಾಳೆ. ಸಂಜೆಯಾಯ್ತು, ಇದಾಳೆ. ಅಲ್ಲಿಂದ ಮುಂದಕ್ಕೆ ಹಾಡು ಹೋಗ್ಲೇ ಇಲ್ಲ."

ಅವನ ರಟ್ಟೆ ಹಿಡಿದು ಎಬ್ಬಿಸಿ ಹಜಾರಕ್ಕೆ ಕರೆದುಕೊಂಡು ಬಂದಳು. ಡಾರ್ಲಾ ದಡಬಡಿಸಿ ಎದ್ದು ಅವನ ಎರಡೂ ಕೈ ಹಿಡಿದುಕೊಂಡಳು. ತನ್ನ ಗಂಡ ಟೈರ್ ಅಂಗಡಿಯವಳ ಜೊತೆ ಹೋಗಿಬಿಟ್ಟನೆಂದೂ, ಆ ಏಳನೇ ಹಾಡು ಇಲ್ಲದಿದ್ದರೆ ತಾನು ಹಾಸಿಗೆಯಿಂದ ಏಳುತ್ತಿರಲಿಲ್ಲವೆಂದೂ ಹೇಳಿದಳು. ವರ್ನೀಸ್ ಅವನನ್ನೇ ನೋಡುತ್ತಿದ್ದಳು. ಅವನು ಬಾಯಿ ತೆರೆದ.

"ಅದನ್ನ ಬರೆಯುವಾಗ ನನ್ನ ಸ್ಥಿತಿ ಏನಿತ್ತು ಅಂತ ಹೇಳೋ ಹಾಗಿಲ್ಲ ತಾಯಿ" ಎಂದ.

ಅದನ್ನು ಬರೆಯುವಾಗ ಅವನು ಇದೇ ಹಜಾರದಲ್ಲಿ ವರ್ನೀಸ್ ಕೈಯಲ್ಲಿ ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದ.

ಡಾರ್ಲಾ ಮೂಗೊರೆಸಿಕೊಂಡು ಈ ಕಡೆ ತಿರುಗಿದಳು. "ನೀವು ಅವ್ರ ತಂಗಿನಾ ಅಕ್ಕ? ಇಲ್ಲಾ ಮನೆಕೆಲಸಕ್ಕೆ ಬರ್ತೀರಾ?"

ನಿಜ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಆ ಕೆಂಪು ಮೂಗು ನೋಡಿದ ಮೇಲೆ ಏಳನೇ ಹಾಡನ್ನು ಅವಳಿಂದ ಕಿತ್ತುಕೊಳ್ಳಲು ವರ್ನೀಸ್‌ಗೆ ಮನಸ್ಸಾಗಲಿಲ್ಲ. "ಅವಳು ಹೋದ್ಮೇಲೆ ಬಂದೋಳು" ಎಂದಳು.

ಡಾರ್ಲಾ ಹೋಬರ್ಟ್‌ನ ಕೈ ಬಿಟ್ಟಳು. ಬಿಸಿ ಪಾತ್ರೆ ಬಿಟ್ಟ ಹಾಗೆ.

"ಹನ್ನೆರಡನೇ ಹಾಡಲ್ಲಿ ಆಯಮ್ಮನ್ನ ಹೂತ ಮಣ್ಣು ಇನ್ನೂ ಆರಿಲ್ಲ" ಎಂದಳು. "ಆಗ್ಲೇ ಇನ್ನೊಬ್ಬಳಾ? ನಂಗೀಗ ಅರ್ಥವಾಯ್ತು. ಆಯಮ್ಮ ಸುಮ್ನೆ ಬಿಟ್ಟು ಹೋಗಿಲ್ಲ."

ಆ ತಿಂಗಳಲ್ಲಿ ವರ್ನೀಸ್ ಪರವಾಗಿ ಮಾತಾಡಿದವಳು ಅವಳೊಬ್ಬಳೇ. ಡಾರ್ಲಾ ನೇರ ಅಡುಗೆಮನೆಗೆ ನುಗ್ಗಿ, ಒಲೆಯ ಮೇಲಿದ್ದ ತನ್ನ ಪಾತ್ರೆ ಎತ್ತಿಕೊಂಡು, ಹೊಸ್ತಿಲಲ್ಲಿ ನಿಂತು, "ನೀವೂ ಹುಷಾರು ಅಕ್ಕ" ಎಂದು ಹೇಳಿ ಕಾರು ಹತ್ತಿದಳು.

"ಕೋಳಿ ಕಣೇ ಅದು" ಎಂದ ಹೋಬರ್ಟ್, ರಸ್ತೆಯ ಕಡೆ ನೋಡುತ್ತ. ಆಮೇಲೆ ಏನೋ ಹೊಳೆದವನಂತೆ ಗಿಟಾರ್ ಎತ್ತಿಕೊಂಡು ಹಿಂದಿನ ಜಗಲಿಗೆ ಹೋದ.

ವರ್ನೀಸ್ ಟುಪೆಲೋದವಳ ಪಾತ್ರೆ ತಿಕ್ಕತೊಡಗಿದಳು. ಕಿಟಕಿಯಿಂದ ಹೊಸ ಹಾಡು ಕೇಳಿಸಿತು. ಒಬ್ಬಳು ಬಿಟ್ಟು ಹೋದ ಮನೆಗೆ ಇನ್ನೊಬ್ಬಳು ಮೆಟ್ಟಿಲು ಹತ್ತಿ ಬರುತ್ತಾಳೆ, ಒಲೆ ಹಚ್ಚುತ್ತಾಳೆ. ವರ್ನೀಸ್ ನಲ್ಲಿ ನಿಲ್ಲಿಸಿದಳು. ಎರಡನೇ ಚರಣದಲ್ಲೂ ಆಕೆ ಮನೆಯಲ್ಲೇ ಇದ್ದಳು. ಅವನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಳು. ವರ್ನೀಸ್ ಸೋಪು ಮೆತ್ತಿದ ಕೈಯಲ್ಲೇ ಕುರ್ಚಿ ಎಳೆದು ಕಿಟಕಿಯ ಹತ್ತಿರ ಕೂತಳು.

ಮೂರನೇ ಚರಣದಲ್ಲಿ ಆಕೆ ಕಪಾಟಿನ ಮೇಲಿಂದ ಸೂಟ್‌ಕೇಸ್ ಇಳಿಸಿದಳು. ವರ್ನೀಸ್ ಎದ್ದು ನಲ್ಲಿ ಬಿಟ್ಟಳು, ಎಷ್ಟು ತಿರುಗುತ್ತದೋ ಅಷ್ಟೂ.