ಬಿಚ್ಚಿ ತೆಗೆದ ಸರ್ವೋ

"ಈ ಜೆಟ್ಟಿಗೊಂದು ಗೈರೋ ಹಾಕ್ಬಿಡು ಕೃಷ್ಣ," ಎಂದ ರಾಜೇಂದ್ರ.

ಕೃಷ್ಣ ಸ್ಕ್ರೂಡ್ರೈವರ್ ಕೆಳಗಿಟ್ಟು ನಕ್ಕ. ಪೀಣ್ಯದ ಲೇತ್ ಅಂಗಡಿಗಳ ಮೇಲಿನ ಮಹಡಿಯಲ್ಲಿ ರಿಮೋಟ್ ವಿಮಾನಗಳನ್ನು ಮಾರಿ, ರಿಪೇರಿ ಮಾಡಿಕೊಂಡಿದ್ದ ಅವನಿಗೆ ರಾಜೇಂದ್ರ ಬಹಳ ಹಳೆಯ ಗಿರಾಕಿ. "ಏನ್ ರಾಜಣ್ಣ, ಸೂರ್ಯ ಇವತ್ತು ಯಾವ್ ಕಡೆ ಹುಟ್ಟಿದ? ಗೈರೋ ಹಾಕ್ಕೊಂಡು ಹಾರಿಸೋದು ಅಂದ್ರೆ ಸೈಕಲ್‌ಗೆ ಎರಡು ಪುಟಾಣಿ ಚಕ್ರ ಕಟ್ಕೊಂಡಂಗೆ ಅಂತ ಎಲ್ಲರ ಮಾನ ಕಳೀತಿದ್ದೋರು ನೀವೇ ತಾನೆ?"

"ವಯಸ್ಸಾಯ್ತು ಕಣೋ. ಹಾಕು ಸುಮ್ನೆ."

ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ವೇಣಿ ಗಂಡ ರಾಜೇಂದ್ರನನ್ನೇ ನೋಡಿದಳು. ಜೆಟ್ ಆರಿಸುವಾಗಲೂ ಹೀಗೇ ಆಗಿತ್ತು. ವರ್ಷಗಟ್ಟಲೆ ಆಸೆಪಟ್ಟಿದ್ದ, ಚೂರಿಯ ಹಾಗೆ ತೆಳ್ಳಗಿದ್ದ ಫೈಟರನ್ನು ಬಿಟ್ಟು, ಹೊಸಬರು ಕಲಿಯಲು ಕೊಳ್ಳುವ, ಅಗಲ ರೆಕ್ಕೆಯ, ದಪ್ಪ ಚಕ್ರದ ಜೆಟ್ಟಿನ ಮೇಲೆ ಕೈಯಿಟ್ಟಿದ್ದ. ಇಟ್ಟ ಕೈಯನ್ನು ಥಟ್ಟನೆ ಜೇಬಿಗೆ ಸೇರಿಸಿಕೊಂಡಿದ್ದ. ಮನೆಯಲ್ಲಿ ಈಚೆಗೆ ಕಾಫಿ ಲೋಟವನ್ನು ಅರ್ಧಕ್ಕಿಂತ ಹೆಚ್ಚು ತುಂಬಗೊಡುತ್ತಿರಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಬಾಗಿಲು ಮುಂದೆ ಮಾಡುತ್ತಿದ್ದ. ವೇಣಿ ಏನೂ ಕೇಳಿರಲಿಲ್ಲ. ಕೇಳಿದರೆ ಎಲ್ಲಿ ಅದು ನಿಜವಾಗಿಬಿಡುತ್ತದೋ ಎಂದು ಅವಳಿಗೆ ಭಯ.

ಸೀಮೆಎಣ್ಣೆ ಕುಡಿದು ಬಾಣದ ಹಾಗೆ ಓಡುವ ಟರ್ಬೈನ್ ಜೆಟ್ ಅದು. ಎತ್ತಲು ಇಬ್ಬರು ಬೇಕು. ಭಾನುವಾರ ಸರ್ಜಾಪುರದ ಆಚೆಯ ಬಯಲಿನಲ್ಲಿ ಮೊದಲ ಹಾರಾಟ. ಕುಂದಲಹಳ್ಳಿಯಿಂದ ಮೈದುನ ಚಿರಂಜೀವಿಯ ಮಕ್ಕಳೂ ಪುಳಿಯೋಗರೆ ಕಟ್ಟಿಸಿಕೊಂಡು ಬರುವವರಿದ್ದರು. ದೊಡ್ಡಪ್ಪನ ಜೆಟ್ ತಮ್ಮ ತಲೆಯ ಮೇಲೇ ಹಾದುಹೋಗಬೇಕೆಂದು ಆಗಲೇ ಹೇಳಿಟ್ಟಿದ್ದರು.

ಬೆಂಕಿಪೊಟ್ಟಣದಂಥ ಗೈರೋವನ್ನು ಜೆಟ್ಟಿನ ಹೊಟ್ಟೆಯೊಳಗೆ ಕೂರಿಸಿದ ಕೃಷ್ಣ, ಮೂತಿ ಹಿಡಿದು ಪಕ್ಕಕ್ಕೆ ಸರಿಸಿದ. "ನೋಡಿ ಅಕ್ಕ, ಮೂತಿ ಬಲಕ್ಕೆ ತಿರುಗ್ತಿದ್ದಂಗೇ ಬಾಲದ ಪಟ್ಟಿ ಎಡಕ್ಕೆ ಹೋಯ್ತಾ? ಗಾಳಿ ತಳ್ಳಿದ್ರೂ ತಾನೇ ಸರಿಮಾಡ್ಕೊಳ್ಳತ್ತೆ. ಉಲ್ಟಾ ಸೆಟ್ ಆಗಿದ್ರೆ ಮಾತ್ರ ಗೈರೋನೇ ಬೀಳಿಸತ್ತೆ."

"ಗಾಳಿದು ಸರಿ," ಎಂದಳು ವೇಣಿ. "ಹಾರಿಸೋರ ಕೈಯೇ ನಡುಗಿದ್ರೆ?"

"ಸ್ವಲ್ಪ ಮೆತ್ತಗೆ ಮಾಡ್ಬೋದು ಅಷ್ಟೇ. ಕೊನೇಗೆ ಅದು ಕೈ ಹೇಳಿದ್ದನ್ನೇ ಕೇಳೋದು." ಕೃಷ್ಣನಿಗೆ ನಗು ಬಂತು. "ಅಲ್ಲಾ, ಕೈ ನಡುಗೋರು ಜೆಟ್ ಯಾಕಕ್ಕ ಮುಟ್ತಾರೆ?"

ರಾಜೇಂದ್ರ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

"ತಗೊಳ್ಳಿ ರಾಜಣ್ಣ, ಗೈರೋ ಆಫ್ ಮಾಡಿದೀನಿ. ಒಂದ್ಸಲ ಎಲ್ಲಾ ಆಡಿಸಿ ನೋಡ್ಬಿಡಿ." ಕೃಷ್ಣ ರಿಮೋಟನ್ನು ಅವನ ಕೈಗಿಟ್ಟು ಬಾಲದ ಬಳಿ ಬಗ್ಗಿದ. ರಾಜೇಂದ್ರ ಎಡ ಹೆಬ್ಬೆರಳಿನಿಂದ ಕಡ್ಡಿಯನ್ನು ಪಕ್ಕಕ್ಕೆ ಒತ್ತಿ ಹಿಡಿದ. ಬಾಲದ ಪಟ್ಟಿ ತಿರುಗಿತು. ಆದರೆ ನಿಲ್ಲಲಿಲ್ಲ, ಚಳಿಜ್ವರ ಬಂದ ಹಾಗೆ ಸಣ್ಣಗೆ ಅದುರತೊಡಗಿತು.

"ಥೂ, ಸರ್ವೋ ಹೋಗಿದೆ!" ಪಟ್ಟಿಯನ್ನು ತಿರುಗಿಸುವ ಪುಟ್ಟ ಮೋಟಾರನ್ನು ಕೃಷ್ಣ ಆಗಲೇ ಬಿಚ್ಚತೊಡಗಿದ್ದ. "ಪುಣ್ಯಕ್ಕೆ ಇಲ್ಲೇ ಗೊತ್ತಾಯ್ತು. ಮೇಲೆ ಹೋದ್ಮೇಲೆ ಹಿಂಗಾಗಿದ್ರೆ ಯಾರ್ ತಲೆ ಮೇಲೆ ಬೀಳ್ತಿತ್ತೋ."

ವೇಣಿ ನೋಡುತ್ತಿದ್ದದ್ದು ಪಟ್ಟಿಯನ್ನಲ್ಲ, ಹೆಬ್ಬೆರಳನ್ನು. ರಾಜೇಂದ್ರ ತಲೆಯೆತ್ತಿದ. ಅವಳ ಕಣ್ಣು ಎಲ್ಲಿದೆಯೆಂದು ಕಂಡ. ರಿಮೋಟನ್ನು ಮೆಲ್ಲನೆ ಮೇಜಿನ ಮೇಲಿಟ್ಟು, "ಬದಲಾಯಿಸ್ಬಿಡು ಮಗಾ," ಎಂದ.

ಹೊಸ ಸರ್ವೋ ಕೂತಿತು. ಈ ಸಲ ರಿಮೋಟನ್ನು ಕೃಷ್ಣನೇ ಎತ್ತಿಕೊಂಡು ಒತ್ತಿದ. ಪಟ್ಟಿ ತಿರುಗಿ ಕಲ್ಲಿನ ಹಾಗೆ ನಿಂತಿತು.

"ನೋಡಿದ್ರಾ? ನಾನ್ ಹೇಳ್ಲಿಲ್ವಾ!"

ರಾಜೇಂದ್ರ ತಲೆಯಾಡಿಸಿದ. ರಿಮೋಟನ್ನು ಮತ್ತೆ ಮುಟ್ಟಲಿಲ್ಲ. ಕೃಷ್ಣ ಕಸದ ಬುಟ್ಟಿಗೆ ಹಾಕಹೊರಟಿದ್ದ ಹಳೆಯ ಸರ್ವೋಗೆ ವೇಣಿ ಕೈ ಚಾಚಿದಳು.

"ಕೆಟ್ಟೋಗಿರೋದು ಯಾಕಕ್ಕ ನಿಮ್ಗೆ?"

"ಇರ್ಲಿ, ಕೊಡಿ."

ಜೆಟ್ಟನ್ನು ಹಿಂದೆ ಮಲಗಿಸಿಕೊಂಡು ಕಾರು ಹೊರಟಿತು. ಲಗ್ಗೆರೆಯ ಬಳಿ ಸಿಗ್ನಲ್ ಬಿತ್ತು. ರಾಜೇಂದ್ರ ಎರಡೂ ಕೈಯಿಂದ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಿದ್ದ, ಗೆಣ್ಣುಗಳು ಬಿಳಿಚಿಕೊಂಡಿದ್ದವು. ಮನಸ್ಸಿನಲ್ಲೇ ನಾಲ್ಕಾರು ಸಲ ಜೋಡಿಸಿ ಕೆಡವಿದ್ದ ಮಾತನ್ನು ವೇಣಿ ಕೊನೆಗೂ ಆಡಿದಳು.

"ರೀ, ಭಾನುವಾರ ಕೃಷ್ಣ ಹಾರಿಸ್ಲಿ. ನೀವು ಪಕ್ಕದಲ್ಲಿ ನಿಂತ್ಕೊಳ್ಳಿ. ಸೋಮವಾರ ಇಬ್ರೂ ಡಾಕ್ಟರ ಹತ್ರ ಹೋಗ್ಬರೋಣ."

ಸಿಗ್ನಲ್ ಹಸಿರಾಯಿತು. ಹಿಂದಿನ ಆಟೋದವನು ಹಾರ್ನ್ ಒತ್ತಿದ.

"ಯಾಕೆ?" ಎಂದ ರಾಜೇಂದ್ರ, ರಸ್ತೆಯಿಂದ ಕಣ್ಣು ಕೀಳದೆ. "ಸರ್ವೋ ಬದಲಾಯಿಸಿ ಆಯ್ತಲ್ಲ."

ಗೇರ್ ಹಾಕಲು ಎಡಗೈ ತೆಗೆದ. ಬೆರಳಿನ ಉಂಗುರ ಗೇರಿನ ತಲೆಗೆ ಟಕಟಕಟಕ ಎಂದು ಬಡಿಯಿತು. ವೇಣಿಯ ಮಡಿಲಿನಲ್ಲಿ, ಕೆಟ್ಟಿದೆಯೆಂದು ಬಿಚ್ಚಿ ತೆಗೆದ ಸರ್ವೋ ಒಂದಿಷ್ಟೂ ಅಲುಗದೆ ಕೂತಿತ್ತು.